ಎರಡು ಬಂದರುಗಳ ಹಮಾಲರು

“ಗುರುಗಳೇ, ಕಡಲಾಚೆಯ ಗಿರಣಿಯವರ ಜೊತೆ ಮೂರು ತಿಂಗಳು ದುಡಿದು ಬಾ ಎಂದು ನಮ್ಮ ಸಂಘದವರು ನನ್ನನ್ನು ಕಳುಹಿಸುತ್ತಿದ್ದಾರೆ. ಅವರ ಕಡೆಯವನೊಬ್ಬ ಇಲ್ಲಿಗೆ ಬರುತ್ತಾನಂತೆ. ಇದರಿಂದ ಆಗುವುದೇನು? ನನಗಂತೂ ಹೋಗಲು ಹೆದರಿಕೆ,” ಎಂದು ನೂಲಿನ ಗಿರಣಿಯ ಮಲ್ಲೇಶಿ ಕೇಳಿದ.

“ಯಾವುದಕ್ಕೆ ಹೆದರಿಕೆ?”

“ಮಾತು ಬರುವುದಿಲ್ಲ. ಊಟ ಒಗ್ಗುವುದಿಲ್ಲ. ಕಡಲು ಬೇರೆ ದಾಟಬೇಕು.”

“ಹೆದರಿಕೆಯಲ್ಲೂ ನೀನು ಸೋವಿಯದನ್ನೇ ಆರಿಸಿಕೊಂಡಿದ್ದೀಯೆ,” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಎದುರುಬದುರು ಎರಡು ಬಂದರುಗಳಿದ್ದವು. ನಡುವೆ ಹತ್ತು ದಿನದ ಕಡಲು. ಅರಸರು ಬೇರೆ, ಭಾಷೆ ಬೇರೆ, ಹಡಗುಗಳ ಒಡೆಯನಾದ ವರ್ತಕ ಮಾತ್ರ ಒಬ್ಬನೇ. ಎರಡೂ ಕಡೆ ಹಮಾಲರ ಸಂಘವಿತ್ತು. ಮಳೆಗಾಲ ಮುಗಿದೊಡನೆ ಇಲ್ಲಿಯ ಒಬ್ಬ ಅಲ್ಲಿ, ಅಲ್ಲಿಯ ಒಬ್ಬ ಇಲ್ಲಿ ಮೂರು ತಿಂಗಳು ಮೂಟೆ ಹೊತ್ತು ಬರುವುದು ಅವರ ಕಟ್ಟಳೆ.

ಒಂದು ವರ್ಷ ಯಾರೂ ಒಪ್ಪಲಿಲ್ಲ. ಇರುವವರಲ್ಲಿ ಪುಕ್ಕಲನಾದ ಒಬ್ಬನನ್ನು ಗದರಿಸಿ ಹಡಗು ಹತ್ತಿಸಿದರು. ಅವನು ಆಚೆಯ ಬಂದರಿನ ಒಬ್ಬ ಹಮಾಲಿಯ ಮನೆಯಲ್ಲಿ ಉಳಿದ. ಮೊದಲ ದಿನವೇ ತಪ್ಪು ಮಾಡಿದ. ಹಿಡಿಯಲು ಸುಲಭವೆಂದು ಮೂಟೆಯ ಹೊಲಿದ ಬಾಯಿಯನ್ನು ಹೊರಗಡೆಗೆ ಇಡುವುದು ಇವನ ಊರಿನ ರೂಢಿ. ಅಲ್ಲಿಯವರು ಬಾಯಿಯನ್ನು ಒಳಗಡೆಗೆ ಇಡುತ್ತಿದ್ದರು. ಹೊಲಿಗೆ ಬಿಟ್ಟರೆ ಕಾಳು ಕಾಲಡಿಗೆ ಬಂದು ಯಾರೂ ಜಾರಿ ಬೀಳಬಾರದು, ಅದಕ್ಕೆ. ಒಂದು ಮೂಟೆ ತಿರುಗಿದ್ದಕ್ಕೆ ಇಡೀ ಸಾಲನ್ನು ಅವನೇ ಕೆಡವಿ ಮತ್ತೆ ಜೋಡಿಸುವಂತೆ ಮಾಡಿದರು. ಆಮೇಲೆ ಮನೆಗೆ ಕರೆದೊಯ್ದು ಬೆನ್ನಿಗೆ ಎಣ್ಣೆ ತಿಕ್ಕಿದರು.

ಅವನು ಹೊರಡುವ ಹೊತ್ತಿಗೆ ವರ್ತಕ ಅಲ್ಲಿ ಮೂಟೆಯ ತೂಕ ಏರಿಸಿದ್ದ. ಒಬ್ಬನ ಬೆನ್ನು ಮುರಿದಿತ್ತು. “ತೂಕ ಇಳಿಸದಿದ್ದರೆ ನಾವು ಹೊರುವುದಿಲ್ಲ,” ಎಂದು ಅವನು ಉಳಿದಿದ್ದ ಮನೆಯ ಹಮಾಲಿ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದ. ಇವನಿಂದ ಏನನ್ನೂ ಕೇಳಲಿಲ್ಲ.

ಅವನು ತನ್ನ ಊರಿಗೆ ಮರಳಿ ಎರಡು ತಿಂಗಳಾದ ಮೇಲೆ ಆ ಬಂದರಿನಿಂದ ಹಡಗು ಬಂತು. ದಡದಲ್ಲಿ ಅರಸನ ಭಟರು ನಿಂತಿದ್ದರು. ಹಿಂದೊಮ್ಮೆ ಕೆಲಸ ನಿಲ್ಲಿಸಿದವರನ್ನು ಸೆರೆಮನೆಗೆ ತಳ್ಳಿದವರು ಇವರೇ. ಪುಕ್ಕಲ ಹಮಾಲಿ ಹಡಗಿನ ಒಡಲಿಗೆ ಇಳಿದು ನೋಡಿದ. ಮೂಟೆಗಳ ಬಾಯಿ ಒಂದೊಂದು ಒಂದೊಂದು ದಿಕ್ಕಿಗಿತ್ತು. ಅವನಿಗೆ ಎಲ್ಲವೂ ತಿಳಿದುಹೋಯಿತು. ಇದು ಆಚೆಯ ಹಮಾಲರು ಜೋಡಿಸಿದ್ದಲ್ಲ. ಅವರು ಕೆಲಸ ಬಿಟ್ಟು ಹಸಿದು ಕೂತಿದ್ದಾರೆ. ವರ್ತಕ ಬೇರೆ ಯಾರನ್ನೋ ಹಿಡಿದು ತಂದು ಹಡಗು ತುಂಬಿಸಿದ್ದಾನೆ. ಇದು ಇಲ್ಲಿ ಖಾಲಿಯಾದರೆ ವರ್ತಕ ಗೆದ್ದ, ಅವರು ಸೋತರು.

ಇದು ಗೊತ್ತಿದ್ದವನು ಅಲ್ಲಿ ಅವನೊಬ್ಬನೇ. ಬಾಯಿ ಮುಚ್ಚಿಕೊಂಡು ಒಂದು ಮೂಟೆ ಇಳಿಸಿದ. ಎರಡನೆಯದನ್ನೂ ಇಳಿಸಿದ. ಮೂರನೆಯದಕ್ಕೆ ಕೈ ಹಾಕಲಾಗದೆ ಮೇಲೆ ಬಂದು ಸಂಘದ ಮುಖಂಡನಿಗೆ ಎಲ್ಲವನ್ನೂ ಹೇಳಿಬಿಟ್ಟ.

ಮುಖಂಡನ ಮುಖ ಬಿಳಿಚಿಕೊಂಡಿತು. “ಹಾಳಾದವನೇ, ಇದನ್ನು ಹೇಳದಿದ್ದರೆ ನಾವು ನೆಮ್ಮದಿಯಾಗಿ ಊಟಕ್ಕೆ ಹೋಗುತ್ತಿದ್ದೆವಲ್ಲೋ!” ಎಂದು ಬೈದ. ಬೈಯುತ್ತಲೇ ಹೆಗಲ ಮೇಲಿನ ಮೂಟೆಯನ್ನು ಕೆಳಗಿಳಿಸಿ ಅದರ ಪಕ್ಕ ಕೂತ. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತರು. ಯಾರ ಹೆದರಿಕೆಯೂ ಹೋಗಿರಲಿಲ್ಲ. ಭಟರು ಕೋಲು ಹಿಡಿದು ಅವರತ್ತ ನಡೆದರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

“ಅವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಗುರುಗಳೇ. ಅವನಿಗೇಕೆ ಬೇಕಿತ್ತು?”

“ಅವರ ಮನೆಯಲ್ಲಿ ಉಂಡು ಬಂದವನಿಗೆ ‘ನನಗೇನೂ ಗೊತ್ತಿರಲಿಲ್ಲ’ ಎನ್ನುವ ಭಾಗ್ಯ ಮತ್ತೆ ಸಿಗುವುದಿಲ್ಲ ಮಲ್ಲೇಶಿ, ಹೆದರುವುದಿದ್ದರೆ ಅದಕ್ಕೆ ಹೆದರು, ಹೆದರಿಕೊಂಡೇ ಹೊರಡು.”