ಅಡ್ಡಬೀಳಲಾಗದವನು

ದಡದಲ್ಲೂ ನಡುನೀರಿನಲ್ಲೂ ಒಂದೇ ಸಮನಾಗಿ ಇರುವ ಶಿವನೇ, ನಿನಗೆ ಶರಣು. ನಿನ್ನ ಕಡೆಗೆ ನಡೆದವನೊಬ್ಬನ ಕಥೆ ಹೇಳಹೊರಟಿದ್ದೇನೆ. ನಾಲಿಗೆ ಎಡವದಂತೆ ನೋಡಿಕೋ.

ಹೊಳೆಯ ದಂಡೆಯಲ್ಲಿ ಒಂದು ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ದೊಡ್ಡಬುದ್ಧಿ ಎನ್ನುತ್ತಿದ್ದರು. ಮುಂಜಾನೆ ಪೂಜೆ ಮುಗಿಸಿ ಅವರು ಪಡಸಾಲೆಯಲ್ಲಿ ಕೂತರೆ, ಶಿಷ್ಯರು ಒಬ್ಬೊಬ್ಬರಾಗಿ ಬಂದು "ಅಡ್ಡಬಿದ್ದೆ ಬುದ್ಧಿ" ಎಂದು ಪಾದಕ್ಕೆ ಹಣೆ ಹಚ್ಚಬೇಕು. ಆಮೇಲೆಯೇ ಪ್ರಸಾದ. ಅದು ಆ ಮಠದ ಪದ್ಧತಿ.

ಚನ್ನವೀರ ಎಂಬ ಶಿಷ್ಯ ಪೂಜೆಗೆ ಹೊಳೆಯಿಂದ ನೀರು ತರುವವನು. ಒಂದು ಬೆಳಿಗ್ಗೆ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ಹಿಂದಕ್ಕೆ ಬಿದ್ದ. ತಲೆ ಕಲ್ಲಿಗೆ ಬಡಿಯಿತು.

"ಮೂಳೆ ಮುರಿದಿಲ್ಲ," ಎಂದರು ವೈದ್ಯರು. "ಆದರೆ ಒಳಗೆ ಮೆದುಳು ಅಲುಗಿದೆ. ತಲೆ ಸುತ್ತೋದು ನಿಲ್ಲೋದಕ್ಕೆ ಬಹಳ ದಿನ ಹಿಡಿಯುತ್ತೆ."

ತಲೆಯ ಮೇಲೆ ಬುಗುಟು ಇರುವ ತನಕ ಎಲ್ಲರೂ ಕೇಳಿದರು. ಬುಗುಟು ಇಳಿದ ಮೇಲೆ ಯಾರೂ ಕೇಳಲಿಲ್ಲ.

ಚನ್ನವೀರನಿಗೆ ಮಾತ್ರ ಬಗ್ಗಿದರೆ ನೆಲ ಮಗುಚಿಕೊಳ್ಳುತ್ತಿತ್ತು. ಮಲಗಿದರೆ ಮೇಲಿನ ತೊಲೆಗಳು ಗರಗರ ತಿರುಗುತ್ತಿದ್ದವು. ಕಂಬಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಭಜನೆಯ ತಾಳ ತಲೆಯೊಳಗೇ ಬಡಿದಂತಾಗಿ ಎದ್ದು ಹೊರಗೆ ಹೋಗುತ್ತಿದ್ದ. ಅಲ್ಲಿ ಗೋಡೆ ಹಿಡಿದು ನಿಂತು, ಒಳಗೆ ಹಾಡುತ್ತಿದ್ದವರ ದನಿಗಳಲ್ಲಿ ತನ್ನದೊಂದು ಇಲ್ಲದಿರುವುದನ್ನು ಕೇಳುತ್ತಿದ್ದ.

ಒಂದು ದಿನ ಪಡಸಾಲೆಯಲ್ಲಿ ಗುರುಗಳ ಮುಂದೆ ನಿಂತು ಕೈ ಮುಗಿದ. "ಅಡ್ಡಬಿದ್ದೆ ಬುದ್ಧಿ," ಎಂದ. ಬಗ್ಗಲಿಲ್ಲ.

ಹಿಂದೆ ನಿಂತಿದ್ದ ಹಿರಿಯ ಶಿಷ್ಯ ಗುರುಶಾಂತಯ್ಯ ಸುಮ್ಮನಿರಲಿಲ್ಲ. "ಏನಯ್ಯ, ಅಡ್ಡಬಿದ್ದೆ ಅಂತ ನೆಟ್ಟಗೆ ನಿಂತೇ ಹೇಳ್ತೀಯಲ್ಲ! ಬಿದ್ದಿದ್ದು ಎಲ್ಲಿ?"

"ಅವತ್ತೇ ಹೊಳೆ ಮೆಟ್ಟಿಲ ಮೇಲೆ ಬಿದ್ದಾಯ್ತಲ್ಲ, ಅದನ್ನೇ ಲೆಕ್ಕಕ್ಕೆ ಹಿಡೀಬೇಕು ಅಂತಾನೆ," ಎಂದ ಇನ್ನೊಬ್ಬ.

"ಪೆಟ್ಟು ವಾಸಿಯಾಯ್ತು. ಈಗ ತಲೆ ತಿರುಗಿದೆ ಸ್ವಾಮಿಗೆ," ಎಂದ ಗುರುಶಾಂತಯ್ಯ.

ಎಲ್ಲರೂ ನಕ್ಕರು. ದೊಡ್ಡಬುದ್ಧಿ ನಗಲಿಲ್ಲ.

ಅಂದಿನಿಂದ ಚನ್ನವೀರ ಪಡಸಾಲೆಗೆ ಬರುವುದನ್ನು ಬಿಟ್ಟ. ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಅಡ್ಡಬೀಳದೆ ಉಂಡ ತುತ್ತು ಕದ್ದದ್ದು ಅನ್ನಿಸುತ್ತಿತ್ತು.

ಕೊನೆಗೆ ಬಟ್ಟೆಯ ಗಂಟು ಕಟ್ಟಿಕೊಂಡು ಅಂಗಳಕ್ಕೆ ಬಂದ. ಗುರುಗಳು ಬಿಲ್ವದ ಎಲೆ ಆರಿಸುತ್ತಿದ್ದರು.

"ಅಪ್ಪಣೆ ಕೊಡಿ ಬುದ್ಧಿ. ಹೋಗ್ತೀನಿ."

"ಎಲ್ಲಿಗೆ?"

"ಗೊತ್ತಿಲ್ಲ."

"ಗೊತ್ತಿಲ್ಲದ ಊರಿಗೆ ಇಷ್ಟು ಅವಸರ ಯಾಕಪ್ಪ?"

ಚನ್ನವೀರ ಪಕ್ಕದ ಹುಣಿಸೆಮರಕ್ಕೆ ಕೈ ಊರಿಕೊಂಡ. "ಪಾದಕ್ಕೆ ಬಗ್ಗಲಾರದವನು ಶಿಷ್ಯ ಹೇಗಾದಾನು? ಬಗ್ಗಿದರೆ ಲೋಕವೇ ತಿರುಗುತ್ತೆ ಬುದ್ಧಿ. ಕಣ್ಣು ಮುಚ್ಚಿ ಜಪಕ್ಕೆ ಕೂತರೆ ಕತ್ತಲೂ ತಿರುಗುತ್ತೆ. ಕಾಣುವ ಗಾಯವಲ್ಲ, ಯಾರಿಗೆ ತೋರಿಸಲಿ?"

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋದಕ್ಕೆ ಮೊದಲು ಪಾದಕ್ಕೆ ಬೀಳಬೇಕಲ್ಲ ಬುದ್ಧಿ."

ಗುರುಗಳು ಆರಿಸುತ್ತಿದ್ದ ಎಲೆಯನ್ನು ಕೆಳಗಿಟ್ಟರು.

"ಶಿವನೂ ನನ್ನ ಕೈಬಿಟ್ಟ," ಎಂದ ಚನ್ನವೀರ.

"ಹಾಗಂತ ಅವನು ಹೇಳಿದನೋ?"

"ಇಲ್ಲ."

"ಮತ್ತೆ? ಅವನ ಪರವಾಗಿ ನೀನು ಯಾಕೆ ಮಾತಾಡ್ತೀಯ?"

ಹೀಗೆಂದವರೇ ಎದ್ದು, ಪಾದುಕೆ ಕಳಚಿ, ಕಾವಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಗಳದ ಸುತ್ತ ಇದ್ದ ಆಳೆತ್ತರದ ಗೋಡೆಯ ಬಳಿಗೆ ಹೋಗಿ, ಕಲ್ಲಿನ ಸಂದಿಗೆ ಕಾಲಿಟ್ಟರು.

ಗುರುಶಾಂತಯ್ಯ ಓಡಿ ಬಂದ. "ಬುದ್ಧಿ, ಬುದ್ಧಿ! ಈ ವಯಸ್ಸಿನಲ್ಲಿ ಗೋಡೆ ಹತ್ತೋದೇ? ಹುಣಿಸೆಕಾಯಿ ಬೇಕಿದ್ದರೆ ನಾನೇ ಕಿತ್ತುಕೊಡ್ತಿದ್ದೆನಲ್ಲ!"

"ಬಾಯಿ ಬೇಡ, ಬೆನ್ನು ಕೊಡು. ಬಗ್ಗೋದು ನಿನಗೆ ಚೆನ್ನಾಗಿ ಬರುತ್ತಲ್ಲ."

ಗುರುಶಾಂತಯ್ಯ ಬಗ್ಗಿದ. ಗುರುಗಳು ಅವನ ಬೆನ್ನು ಮೆಟ್ಟಿ, ಏದುಸಿರು ಬಿಡುತ್ತಾ ಹತ್ತಿ, ಗೋಡೆಯ ಮೇಲೆ ಕೂತು ಕಾಲು ಇಳಿಬಿಟ್ಟರು. ಒಣಗಿ ಬಿರಿದ ಆ ಮುದಿ ಪಾದಗಳು ಚನ್ನವೀರನ ಎದೆಯ ಮಟ್ಟಕ್ಕೆ ಬಂದವು.

"ಬಾ. ಬಗ್ಗಬೇಡ, ನೆಟ್ಟಗೇ ಬಾ."

ಚನ್ನವೀರ ಗಂಟನ್ನು ಕೈಯಿಂದ ಜಾರಬಿಟ್ಟ. ನೆಟ್ಟಗೆ ನಡೆದು ಬಂದು ಎರಡೂ ಪಾದ ಹಿಡಿದು ಎದೆಗೆ ಒತ್ತಿಕೊಂಡ. ಕಣ್ಣೀರು ಪಾದದ ಮೇಲೆ ಬಿತ್ತು.

"ತಲೆ ಸುತ್ತೋದು ನಿಂತಿತಾ?" ಎಂದು ಗುರುಗಳು ಕೇಳಿದರು.

"ಇಲ್ಲ ಬುದ್ಧಿ. ಗೋಡೆಯೂ ತಿರುಗ್ತಿದೆ. ನೀವೂ ತಿರುಗ್ತಿದ್ದೀರಿ."

"ತಿರುಗಲಿ. ನೀನು ಮಾತ್ರ ಕಾಲು ಬಿಡಬೇಡ ಮಗನೇ, ನನಗೆ ಇಳಿಯೋದಕ್ಕೆ ಬರೋದಿಲ್ಲ."

ಈ ಕಥೆ ಕೇಳಿದವರಿಗೂ, ಓದಿ ಹೇಳಿದವರಿಗೂ, ಹೇಳಿಕೊಳ್ಳಲು ಯಾರೂ ಇಲ್ಲದೆ ಒಬ್ಬರೇ ಕೂತವರಿಗೂ ಶಿವನು ಒಳ್ಳೆಯದು ಮಾಡಲಿ.