ಬಿರುಗಾಳಿಯ ಅರ್ಜಿ

ಬ್ರಿಟಿಷರ ಕಾಲ. ಕರಾವಳಿಯ ಒಂದು ಪಟ್ಟಣದ ಶಾಸನ ಸಭೆಯಲ್ಲಿ ರೇಡಿಯೋ ಮಸೂದೆಯ ಚರ್ಚೆ ನಡೆದಿತ್ತು. ರೇಡಿಯೋದಲ್ಲಿ ಆಡುವ ಪ್ರತಿ ಮಾತಿಗೂ ಮೂರು ದಿನ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕೆಂದು ಸಭೆಯ ಅಧ್ಯಕ್ಷರಾದ ಬ್ರಿಟಿಷ್ ದೊರೆ ಹಟ ಹಿಡಿದಿದ್ದರು. ಸದಸ್ಯರು ಎಷ್ಟು ವಿರೋಧಿಸಿದರೂ ಜಗ್ಗಲಿಲ್ಲ.

ಮೀನುಗಾರರು ಬಿರುಗಾಳಿಯ ಸುದ್ದಿಯನ್ನು ಬಂದರಿನ ರೇಡಿಯೋದಲ್ಲಿ ಕೇಳಿಯೇ ದೋಣಿ ಇಳಿಸುತ್ತಿದ್ದರು. ಸಭೆಯ ಗುಮಾಸ್ತ ಐತಪ್ಪ ಖಾಲಿ ಅರ್ಜಿಯೊಂದನ್ನು ದೊರೆಯ ಮುಂದಿಟ್ಟ.

"ಇದೇನು?"

"ಬಿರುಗಾಳಿಯ ಅರ್ಜಿ, ಸ್ವಾಮಿ. ಮೂರು ದಿನದ ಮೇಲೆ ಗಾಳಿ ಯಾವ ಕಡೆಯಿಂದ ಬರುತ್ತದೋ, ತಾವೇ ತುಂಬಿಕೊಡಬೇಕು."

ದೊರೆಯ ಮುಖ ಕೆಂಪಾಯಿತು. "ಅದು ನನಗೆ ಹೇಗೆ ಗೊತ್ತು?"

"ಹಾಗಾದರೆ ಒಪ್ಪಿಗೆ ಸಿಗುವ ತನಕ ಕಾಯಬೇಕೆಂದು ಗಾಳಿಗೇ ಒಂದು ನೋಟೀಸು ಕಳಿಸಲೇ, ಸ್ವಾಮಿ?"

ಸಭೆಯೆಲ್ಲ ನಕ್ಕಿತು. ಐತಪ್ಪ ಮಾತ್ರ ನಗಲಿಲ್ಲ. ದೊರೆ ಅವನ ಮುಖವನ್ನೇ ನೋಡಿದರು.

"ಕಡಲಿನಲ್ಲಿ ನಿನ್ನವರು ಯಾರಿದ್ದಾರೆ?"

"ಅಣ್ಣ, ಸ್ವಾಮಿ."

ದೊರೆ ಪೆನ್ನು ತೆಗೆದು ಮಸೂದೆಯಲ್ಲಿದ್ದ ಮೂರು ದಿನದ ಅರ್ಜಿಯ ನಿಯಮವನ್ನು ಹೊಡೆದುಹಾಕಿದರು.