ಕೆರೆಯಂಗಳದ ಮೂಳೆ, ಕುಂಬಾರನ ಕತ್ತೆ

"ಬುದ್ಧಿ, ಗದ್ದುಗೆಯಲ್ಲಿರುವ ಹಿರಿಯ ಗುರುಗಳು ದೊಡ್ಡವರೋ, ತಾವೋ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಹಿರಿಯ ಗುರುಗಳು ಲಿಂಗೈಕ್ಯರಾಗಿ ಅರವತ್ತು ವರ್ಷವಾಗಿತ್ತು. ಚೆನ್ನಮಲ್ಲ ಬೆಳಗಿನಿಂದ ಅವರ ಸಮಾಧಿಯ ಮುಂದೆ ಕೂತಿದ್ದ. ಬಾವಿಗೆ ಒಯ್ಯಬೇಕಾದ ಕೊಡಗಳೂ ಅವನ ಪಕ್ಕದಲ್ಲೇ ಬರಿದಾಗಿ ಕೂತಿದ್ದವು. ಗುರುಗಳು ಕೊಡಗಳನ್ನೊಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ಕುಂಬಾರನಿಗೆ ಕೆರೆಯಂಗಳದಲ್ಲಿ ಮಣ್ಣು ಅಗೆಯುವಾಗ ಒಂದು ಕಾಲಿನ ಮೂಳೆ ಸಿಕ್ಕಿತು. ನಿಲ್ಲಿಸಿದರೆ ಅವನ ಎದೆಯೆತ್ತರ. ಊರಿನ ಪಂಡಿತ ಬಂದು ನೋಡಿ, ಇದು ಹುಲ್ಲು ಮೇದು ಮರಿಗೆ ಹಾಲೂಡಿಸುತ್ತಿದ್ದ ಯಾವುದೋ ಮೃಗದ್ದು, ಅದರ ಸಂತತಿ ಎಂದೋ ಅಳಿಯಿತು, ನಿನ್ನ ಕತ್ತೆಗೂ ಅದಕ್ಕೂ ಯಾವ ನಂಟೂ ಇಲ್ಲ ಎಂದ. ಆ ಮೃಗವನ್ನು ಅವನೂ ಜೀವಂತ ಕಂಡವನಲ್ಲ.

ಅಂದಿನಿಂದ ಕುಂಬಾರನಿಗೆ ತನ್ನ ಕತ್ತೆಯನ್ನು ಕಂಡರೆ ಆಗದಾಯಿತು. ಗೇಣು ಹಾಕಿ ಅಳೆದ. ಕತ್ತೆಯ ಕಾಲು ಮೂಳೆಯ ಅರ್ಧಕ್ಕೂ ಬರಲಿಲ್ಲ. ಕತ್ತೆ ಒದೆಯುತ್ತದೆ, ಅರಚುತ್ತದೆ, ಹೊತ್ತುಹೊತ್ತಿಗೆ ಮೇವು ಕೇಳುತ್ತದೆ. ಆ ಮೃಗವಾದರೋ ಏನನ್ನೂ ಕೇಳದೆ ಮೂಲೆಯಲ್ಲಿ ಒರಗಿ ನಿಂತಿದೆ. ಎಂಥ ಸಾಧು ಪ್ರಾಣಿ ಎಂದು ಅವನಿಗೆ ಕಣ್ಣು ತುಂಬಿ ಬಂತು. ಆಯುಧಪೂಜೆಯ ದಿನ ಕತ್ತೆಗೆ ಹಾಕಬೇಕಾದ ಮಾಲೆಯನ್ನು ಮೂಳೆಗೆ ಹಾಕಿದ.

ಅಷ್ಟರಲ್ಲಿ ಹೊಳೆಯಾಚೆಯ ಮನೆಯೊಂದರಿಂದ ಮದುವೆಯ ಗಡಿಗೆಗಳಿಗೆ ಹೇಳಿಕೆ ಬಂತು. ಧಾರೆಗೆ ಮೊದಲು ತಲುಪದಿದ್ದರೆ ಆ ಮನೆತನ ಬೇರೆ ಕುಂಬಾರನನ್ನು ಹುಡುಕಿಕೊಳ್ಳುತ್ತಿತ್ತು. ಕುಂಬಾರ ಮೂಳೆಯ ಅಳತೆ ಹಿಡಿದು, ಮೃಗದ ಬೆನ್ನು ಇಷ್ಟಗಲ ಇದ್ದೀತೆಂದು ಅಂದಾಜು ಮಾಡಿ, ಗಡಿಗೆ ಹೇರಲು ಅಷ್ಟಗಲದ ಬಲೆ ಹೆಣೆದ. ಮದುವೆಯ ದಿನ ನಲವತ್ತು ಗಡಿಗೆಗಳನ್ನು ಅದರಲ್ಲಿ ತುಂಬಿ ಕತ್ತೆಯ ಮೇಲೆ ಹೇರಿದ. ಕತ್ತೆ ಕುಸಿದು ಕೂತಿತು. ಬೈದ, ಗದರಿಸಿದ, ಕೈಮುಗಿದ, ಅದು ಏಳಲಿಲ್ಲ.

"ಅದು ಇದ್ದಿದ್ರೆ ಎಲ್ಲಾನೂ ಒಂದೇ ಸಲಕ್ಕೆ ಹೊರೋದು," ಎಂದ.

"ಹಂಗಾದ್ರೆ ಅದನ್ನೇ ಎಬ್ಬಿಸಿ ಕರ್ಕೊಂಡು ಬನ್ನಿ," ಎಂದಳು ಹೆಂಡತಿ. "ಧಾರೆಗೆ ಹೊತ್ತಾಯ್ತು."

ಕುಂಬಾರ ಬಲೆ ಬಿಚ್ಚಿದ. ಕತ್ತೆ ಸಲಕ್ಕೆ ಹತ್ತರಂತೆ ನಾಲ್ಕು ಸಲ ಹೊಳೆ ದಾಟಿತು. ಕೊನೆಯ ಗಡಿಗೆ ಇಳಿಯುವಾಗ ಧಾರೆಯ ಓಲಗ ಇನ್ನೇನು ಶುರುವಾಗುವುದರಲ್ಲಿತ್ತು. ಮರುದಿನ ಅವನು ಮೂಳೆಯನ್ನು ಅರ್ಧ ನೆಲಕ್ಕೆ ಹೂತು ಕತ್ತೆ ಕಟ್ಟುವ ಗೂಟ ಮಾಡಿಕೊಂಡ.

ಚೆನ್ನಮಲ್ಲನಿಗೆ ಸಮಾಧಾನವಾಗಲಿಲ್ಲ. ಏನೇ ಆದರೂ ಆ ಮೃಗವೇ ದೊಡ್ಡದಲ್ಲವೇ ಎಂದು ಹಟ ಹಿಡಿದ.

"ದೊಡ್ಡದೇ ಕಣಪ್ಪ," ಎಂದರು ಗುರುಗಳು. "ಗದ್ದುಗೆಯ ಗುರುಗಳೂ ದೊಡ್ಡವರೇ, ನೀರು ತಾ ಎಂದು ಅವರು ನಿನಗೆ ಒಂದು ದಿನವೂ ಹೇಳಿಲ್ಲವಲ್ಲ."